ಕೆಂಪು ಇಟ್ಟಿಗೆಯ ಮೇಲಿನ ಹಕ್ಕಿ

“ಮತ್ತೆ ಕರೆದಿರಾ? ಮೇಷ್ಟ್ರೇ, ಈ ಮಗುವಿನ ಹೊಟ್ಟೆಗೆ ನಾಲ್ಕು ತುತ್ತು ಹೋಗೋವರೆಗಾದರೂ ನನ್ನನ್ನು ಬಿಡಿ. ಬೆಳಗ್ಗೆಯಿಂದ ಇದು ಮೂರನೇ ಸಲ. ಇವಳಿಗೆ ಎರಡು ವರ್ಷ, ಪ್ರಾಣ ತಿಂದರೂ ಸಹಿಸಿಕೊಳ್ಳಬಹುದು. ನಿಮಗೆಷ್ಟು?”

“ಅರವತ್ತೆಂಟು,” ಎಂದರು ತಿಪ್ಪೇರುದ್ರಪ್ಪ ಮೇಷ್ಟ್ರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಒಂದೇ ಒಂದು ಪ್ರಶ್ನೆ, ನಾಗವೇಣಿ. ನಾನು ಬಿಳಿ ಬಣ್ಣ ಹಾಕಿಯೇ ಇಲ್ಲ. ಹಾಗಿದ್ದ ಮೇಲೆ ಈ ಬಿಳಿ ಎಲ್ಲಿಂದ ಬಂತು?”

ನಾಗವೇಣಿ ಓದಿದ್ದು ಹತ್ತನೇ ತರಗತಿಯವರೆಗೆ. ಶಾಲೆಯಲ್ಲಿ ಅವಳಿಗೆ ಚಿತ್ರ ಬರೆಯುವುದನ್ನು ಕಲಿಸಿದವರು ಇದೇ ಮೇಷ್ಟ್ರು. ಈಗ ಬಸ್ ನಿಲ್ದಾಣದ ಎದುರು ಅವಳದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಅಂಗಡಿಯ ಬೋರ್ಡು, ಹುಟ್ಟುಹಬ್ಬದ ಬ್ಯಾನರು ಎಲ್ಲವನ್ನೂ ಅವಳೇ ಮಾಡುತ್ತಾಳೆ. ಒಂದು ತಿಂಗಳಿಂದ ಮೇಷ್ಟ್ರು ಅಲ್ಲಿ ಶಿಷ್ಯರು. ಮೂಲೆಯ ಕಂಪ್ಯೂಟರು ಅವರದು.

ಅವರು ಕಲಿಯಲು ಬಂದದ್ದು ಒಂದು ಹಕ್ಕಿಗಾಗಿ. ಹಿಂದೆ ಅವರು ಶಾಲೆಯ ಗೋಡೆಯ ಮೇಲೆ ಹಾರುವ ಗೊರವಂಕವೊಂದನ್ನು ಬರೆದಿದ್ದರು. ಅದೇ ಶಾಲೆಯ ಗುರುತಾಗಿತ್ತು. ಆ ಗೋಡೆ ಬಿತ್ತು, ಹಕ್ಕಿಯೂ ಹೋಯಿತು. ಈಗ ಶಾಲೆಗೆ ಐವತ್ತು ವರ್ಷ. ಹಸಿರು ಬಾವುಟದ ಮೇಲೆ ಹಕ್ಕಿಯನ್ನು ಮತ್ತೆ ಹಾರಿಸೋಣ ಎಂದು ಮೇಷ್ಟ್ರು ಕೇಳಿದಾಗ ಶಾಲೆಯವರು ಒಪ್ಪಿದ್ದರು. ಬಾವುಟ ಮುದ್ರಿಸುವವನು ಮಾತ್ರ ಖಡಾಖಂಡಿತವಾಗಿ ಹೇಳಿದ್ದ: ಸರಿಯಾದ ಚಿತ್ರ ಇವತ್ತು ಸಂಜೆಯೊಳಗೆ ಬರಬೇಕು, ಬರದಿದ್ದರೆ ಬಾವುಟದ ಮೇಲೆ ಬರೀ ಅಕ್ಷರ.

ಬೆಳಗ್ಗೆ ಅವನು ಕಳಿಸಿದ ಮಾದರಿಯಲ್ಲಿ ಹಕ್ಕಿ ಹಾರುತ್ತಿರಲಿಲ್ಲ. ಹಸಿರು ಬಟ್ಟೆಯ ನಡುವೆ ಒಂದು ಬಿಳಿ ಚೌಕ, ಚೌಕದೊಳಗೆ ಹಕ್ಕಿ. ಔಷಧಿ ಡಬ್ಬಿಗೆ ಅಂಟಿಸಿದ ಚೀಟಿಯ ಹಾಗೆ ಕಾಣುತ್ತಿತ್ತು. ನಾಗವೇಣಿ ತನ್ನ ಪರದೆಯಲ್ಲಿದ್ದ ಬೇರೊಂದು ಚಿತ್ರ ತೋರಿಸಿ, “ನೋಡಿ, ಇದರ ಹಿಂದೆ ಬೂದು ಚೌಕಳಿ ಕಾಣುತ್ತಾ? ನಿಮ್ಮ ಹಕ್ಕಿಯ ಹಿಂದೆಯೂ ಹೀಗೇ ಕಾಣಬೇಕು,” ಎಂದು ಹೇಳಿ ಎದ್ದು ಹೋಗಿದ್ದಳು. ಎರಡನೇ ಸಲ ಕರೆದಾಗ ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡಿದ್ದಳು. ಮೇಷ್ಟ್ರು ಹಕ್ಕಿಯ ಸುತ್ತ ಒಂದೊಂದೇ ಚೌಕ ಎಳೆದು, ಒಂದು ಬಿಟ್ಟು ಒಂದಕ್ಕೆ ಬೂದು ಬಣ್ಣ ತುಂಬಿದ್ದರು. ನಾನೂರು ಚೌಕ. ಒಂದೂ ಸೊಟ್ಟಗಿರಲಿಲ್ಲ.

“ಅಯ್ಯೋ ದೇವರೇ, ಚೌಕಳಿ ಅಂದರೆ ಬಣ್ಣ ಅಲ್ಲ ಮೇಷ್ಟ್ರೇ! ಇಲ್ಲಿ ಏನೂ ಇಲ್ಲ ಅಂತ ಹೇಳೋಕೆ ಕಂಪ್ಯೂಟರು ಇಟ್ಟಿರೋ ಗುರುತು ಅದು.”

“ನೀನು ಅದನ್ನು ಹೇಳಲೇ ಇಲ್ಲವಲ್ಲಮ್ಮ.”

“ಅದನ್ನೂ ಬಾಯಿ ಬಿಟ್ಟು ಹೇಳಬೇಕಾ?”

ಈಗ ಮೇಷ್ಟ್ರು ನಾನೂರು ಚೌಕವನ್ನೂ ಅಳಿಸಿ ಕೂತಿದ್ದರು. ಅಳಿಸಿದಲ್ಲೆಲ್ಲ ಬಿಳಿ ಬಂದಿತ್ತು.

ನಾಗವೇಣಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಅನ್ನದ ಬಟ್ಟಲು ಹಿಡಿದು, ಅವರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಬರೀ ಹೇಳಿದರೆ ಈ ಮನುಷ್ಯ ನಾಲ್ಕನೇ ಸಲವೂ ಕರೆಯುತ್ತಾರೆ ಎಂದು ಅವಳಿಗೆ ಗೊತ್ತಾಗಿತ್ತು. ಮಗುವಿಗೆ ಹೇಗೂ ಕತೆ ಬೇಕಿತ್ತು. ಇಬ್ಬರಿಗೂ ಸೇರಿಸಿ ಒಂದೇ ಕತೆ ಹೇಳಿದಳು.

“ಒಂದೂರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಆ ಊರಿನ ಗೋಡೆಗಳಿಗೆಲ್ಲ ಸುಣ್ಣ ಬಳಿದಿತ್ತು. ಅವನು ಬಿಳಿ ಕಾಗದದ ಮೇಲೆ ಹಕ್ಕಿ ಬರೆಯುತ್ತಿದ್ದ. ಜನ ಅದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಕಾಗದ ಯಾವುದು, ಗೋಡೆ ಯಾವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಕ್ಕಿ ತಾನಾಗಿ ಬಂದು ಗೋಡೆಯ ಮೇಲೆ ಕೂತಿದೆ ಎನ್ನುತ್ತಿದ್ದರು.

“ಒಂದು ದಿನ ಬೇರೆ ಊರಿನ ವ್ಯಾಪಾರಿಯೊಬ್ಬ ಬಂದು ಒಂದು ಹಕ್ಕಿ ಕೊಂಡುಹೋದ. ಅವನ ಊರಿನಲ್ಲಿ ಗೋಡೆಗಳೆಲ್ಲ ಕೆಂಪು ಮಣ್ಣಿನವು. ಮೂರನೆಯ ದಿನ ಅವನು ತಿರುಗಿ ಬಂದು ಬಾಗಿಲು ತಟ್ಟಿದ.

“‘ನಾನು ಕೇಳಿದ್ದು ಹಕ್ಕಿ. ನೀನು ಅದರ ಜೊತೆಗೆ ನಿನ್ನ ಊರಿನ ಗೋಡೆಯನ್ನೂ ಕಳಿಸಿದ್ದೀಯೆ,’ ಎಂದ.

“‘ನಾನು ಜನ್ಮದಲ್ಲಿ ಗೋಡೆ ಬರೆದವನಲ್ಲ. ನನ್ನ ಪೆಟ್ಟಿಗೆಯಲ್ಲಿ ಬಿಳಿ ಬಣ್ಣವೇ ಇಲ್ಲ. ಕೆಲಸ ಕೆಡಿಸಬೇಡ, ಹೋಗು,’ ಎಂದು ಚಿತ್ರಗಾರ ಬಾಗಿಲು ಹಾಕಿಕೊಂಡ.

“ವ್ಯಾಪಾರಿ ಹೋದ. ಮತ್ತೆ ಬಂದು ಬಾಗಿಲು ತಟ್ಟಿದ. ಈ ಸಲ ಅವನ ಕೈಯಲ್ಲಿ ತನ್ನ ಊರಿನ ಒಂದು ಕೆಂಪು ಇಟ್ಟಿಗೆ ಇತ್ತು. ಇಟ್ಟಿಗೆಯನ್ನು ನೆಲದ ಮೇಲಿಟ್ಟ. ಅದರ ಮೇಲೆ ಹಕ್ಕಿಯ ಕಾಗದವನ್ನಿಟ್ಟ.

“ಚಿತ್ರಗಾರ ನೋಡಿದ. ಇಷ್ಟು ವರ್ಷ ತಾನು ಬಿಳಿ ಹಾಕಿರಲಿಲ್ಲ ನಿಜ, ಆದರೆ ಕಾಗದದ ಬಿಳಿಯನ್ನು ತೆಗೆದೂ ಇರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಕತ್ತರಿ ತಂದು ಹಕ್ಕಿಯ ಸುತ್ತ ಕತ್ತರಿಸಿದ. ಇಟ್ಟಿಗೆಯ ಮೇಲಿಟ್ಟು ನೋಡಿದರೆ ಕಾಲುಗಳ ಸಂದಿಯಲ್ಲಿ ಬಿಳಿ ಉಳಿದಿತ್ತು. ಅದನ್ನೂ ತೆಗೆದ. ಬಾಲದ ಅಂಚಿನಲ್ಲಿ ಕೂದಲೆಳೆಯಷ್ಟು ಇತ್ತು. ಅದನ್ನೂ ತೆಗೆದ. ಆಮೇಲೆ ಅವನು ಆ ಇಟ್ಟಿಗೆಯನ್ನು ವ್ಯಾಪಾರಿಗೆ ತಿರುಗಿಸಿ ಕೊಡಲಿಲ್ಲ. ಯಾವ ಹಕ್ಕಿಯನ್ನಾದರೂ ಮೊದಲು ಅದರ ಮೇಲಿಟ್ಟು ನೋಡದೆ ಮನೆಯಿಂದ ಹೊರಗೆ ಬಿಡಲಿಲ್ಲ.”

ಕತೆ ಮುಗಿಯಿತು. ಬಟ್ಟಲೂ ಖಾಲಿಯಾಗಿತ್ತು. ಮಗು ಕೈತೋರಿಸಿ, “ಹಕ್ಕಿ,” ಎಂದಿತು.

ಮೇಷ್ಟ್ರು ಒಂದು ಗಳಿಗೆ ಪರದೆ ನೋಡಿದರು. “ಹಾಗಾದರೆ ನಾನು ಅಳಿಸುತ್ತಿದ್ದೇನೆ ಅಂದುಕೊಂಡು ಇಷ್ಟು ಹೊತ್ತೂ ಸುಣ್ಣ ಬಳಿಯುತ್ತಿದ್ದೆ.”

“ಈಗ ದಾರಿಗೆ ಬಂದಿರಿ. ಹಕ್ಕಿಯ ಕೆಳಗೆ ಒಂದು ಹೊಸ ಲೇಯರ್, ಅಂದರೆ ಪದರ, ಹಾಕಿ, ಅದಕ್ಕೆ ಗಾಢ ಕೆಂಪು ತುಂಬಿ. ಅದೇ ನಿಮ್ಮ ಇಟ್ಟಿಗೆ. ಹಕ್ಕಿಯ ಲೇಯರಿನಲ್ಲಿ ಬಿಳಿ ಹೋದ ಕಡೆಯೆಲ್ಲ ಕೆಂಪು ಕಾಣಬೇಕು. ಇಲ್ಲಿ ಒತ್ತಿದರೆ ಬಿಳಿಯೆಲ್ಲ ಒಂದೇ ಸಲಕ್ಕೆ ಹೋಗುತ್ತೆ, ನೋಡಿ.”

ಮೇಷ್ಟ್ರು ಕೆಂಪು ತುಂಬಿದ ಮೇಲೆ ಅವಳೇ ಕೈಚಾಚಿ ಒತ್ತಿದಳು. ಪರದೆ ಕೆಂಪಾಯಿತು. ಮೇಷ್ಟ್ರು ಹಾವು ಕಂಡವರ ಹಾಗೆ ಅವಳ ಕೈ ತಡೆದರು.

“ಬೇಡ, ಬೇಡ! ವಾಪಸ್ಸು ತಾ. ರೆಕ್ಕೆ ನೋಡು.”

ಗೊರವಂಕ ಹಾರುವಾಗ ಅದರ ಕಂದು ರೆಕ್ಕೆಯಲ್ಲಿ ಬಿಳಿಯ ಪಟ್ಟೆ ಕಾಣುತ್ತದೆ. ಆ ಪಟ್ಟೆಯ ಜಾಗದಲ್ಲಿ ಈಗ ಕೆಂಪು ತೂತಿತ್ತು.

“ಕಾಗದದ ಬಿಳಿ ಬೇರೆ, ಹಕ್ಕಿಯ ಬಿಳಿ ಬೇರೆ. ಯಂತ್ರಕ್ಕೆ ಗೊತ್ತಾಗದಿದ್ದರೆ ನಮಗೆ ಗೊತ್ತಿರಬೇಕಲ್ಲವೆ?” ಎಂದರು ಮೇಷ್ಟ್ರು. ನಾಗವೇಣಿ ತುಟಿ ಕಚ್ಚಿಕೊಂಡು, ಮಾಡಿದ್ದನ್ನು ವಾಪಸ್ಸು ತಂದಳು.

ಆಮೇಲೆ ಮೇಷ್ಟ್ರು ಯಾರನ್ನೂ ಕರೆಯಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿಕೊಂಡು, ಹಕ್ಕಿಯ ಹೊರಗೆರೆಯ ಗುಂಟ ನಿಧಾನವಾಗಿ ಬಿಳಿ ತೆಗೆದರು. ಕಾಲಿನ ಸಂದಿ ತೆಗೆದರು. ಬಾಲದ ಅಂಚು ತೆಗೆದರು. ರೆಕ್ಕೆಯ ಪಟ್ಟೆಯನ್ನು ಮುಟ್ಟಲಿಲ್ಲ. ನಾಲ್ಕು ಗಂಟೆಗೆ ಕೆಂಪಿನ ಮೇಲೆ ಹಕ್ಕಿ ಒಂಟಿಯಾಗಿ ಹಾರುತ್ತಿತ್ತು.

“ಈಗ ಆ ಕೆಂಪು ಲೇಯರ್ ಮರೆಮಾಡಿ. ಚೌಕಳಿ ಬಂತಲ್ಲ? ಅದನ್ನು ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ,” ಎಂದಳು ನಾಗವೇಣಿ. “ಉಳಿಸುವಾಗ ಪಿಎನ್‌ಜಿ ಅಂತಲೇ ಕೊಡಿ. ಬೆಳಗ್ಗೆ ಕೊಟ್ಟ ಹಾಗೆ ಜೆಪಿಜಿ ಕೊಟ್ಟರೆ ಕೆಲಸವೆಲ್ಲ ನೀರುಪಾಲು. ಅದಕ್ಕೆ ಖಾಲಿ ಜಾಗ ಇಟ್ಟುಕೊಳ್ಳೋಕೆ ಬರೋದಿಲ್ಲ. ಖಾಲಿ ಬಿಟ್ಟಲ್ಲೆಲ್ಲ ತಾನೇ ಬಣ್ಣ ತುಂಬಿಬಿಡುತ್ತೆ, ಹೆಚ್ಚಾಗಿ ಬಿಳಿ.”

ಚಿತ್ರ ಹೋಯಿತು. ಐದು ಗಂಟೆಗೆ ಮುದ್ರಿಸುವವನಿಂದ ಮೊಬೈಲಿಗೆ ಫೋಟೋ ಬಂತು. ಹಸಿರು ಬಟ್ಟೆಯ ಮೇಲೆ ಗೊರವಂಕ ರೆಕ್ಕೆ ಬಿಚ್ಚಿತ್ತು. ಸುತ್ತ ಹಸಿರಲ್ಲದೆ ಬೇರೇನೂ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನೋಡಿದರು. ಮಗುವಿಗೂ ತೋರಿಸಿದರು.

ನಾಗವೇಣಿಗೆ ತೃಪ್ತಿಯಾಗಿತ್ತು. ಆದರೂ ಅವಳ ನಾಲಿಗೆ ಸುಮ್ಮನಿರಲಿಲ್ಲ.

“ಅಂತೂ ಮುಗಿಯಿತು. ನಾಳೆ ಇನ್ನಿಬ್ಬರು ಕಲಿಯೋಕೆ ಬರುತ್ತಾರೆ. ಅವರಾದರೂ ನಿಮ್ಮ ಹಾಗೆ ಗಳಿಗೆಗೊಂದು ಸಲ ಕರೆಯದಿದ್ದರೆ ಸಾಕು. ನಿಮಗೆ ಹೇಳದೆ ಬಿಟ್ಟದ್ದನ್ನು ಅವರಿಗೆ ಮೊದಲೇ ಹೇಳಿಬಿಡುತ್ತೇನೆ, ಚೌಕಳಿ ಅಂದರೆ ಏನೂ ಇಲ್ಲ ಅಂತ ಅರ್ಥ, ಅದನ್ನು ಬರೆಯೋಕೆ ಹೋಗಬೇಡಿ ಅಂತ.”

ಮೇಷ್ಟ್ರು ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತರು. ನಾಗವೇಣಿ ಮಗಳ ಬಾಯಿ ಒರೆಸುತ್ತಿದ್ದಳು. ಅವರು ಕೇಳಿದ್ದು ಇಷ್ಟೇ:

“ಆ ವ್ಯಾಪಾರಿ ಎರಡನೇ ಸಲ ಬಾಗಿಲು ತಟ್ಟದೆ ಹೋಗಿದ್ದರೆ, ಚಿತ್ರಗಾರನಿಗೆ ತನ್ನ ಬಿಳಿ ಯಾವಾಗ ಕಾಣುತ್ತಿತ್ತಮ್ಮ?”