ಹಲಗೆ ತೂಗುಹಾಕಿದ ಅಡುಗೆಮನೆ

ನದಿಯ ದಡದ ಆಶ್ರಮದಲ್ಲಿ ಅಡುಗೆಮನೆಯ ಉಸ್ತುವಾರಿ ಹೊಸದಾಗಿ ವಿದ್ಯಾಧರನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ಅವನು ಗುರುಗಳ ಮುಂದೆ ಬಂದು ನಿಂತ.

"ಅಡುಗೆಯ ಪದ್ಮಕ್ಕನನ್ನು ಊರಿಗೆ ಕಳಿಸಿಬಿಡೋಣ, ಗುರುಗಳೇ."

"ಏಕಪ್ಪಾ?"

"ಮೊನ್ನೆ ಹುಳಿಗೆ ಉಪ್ಪೇ ಇಲ್ಲ. ಇವತ್ತು ಎರಡು ಸಲ ಬಿದ್ದಿದೆ. ಯಾತ್ರಿಕರು ಎಲೆಯಲ್ಲೇ ಬಿಟ್ಟು ಎದ್ದರು. ಪದ್ಮಕ್ಕನಿಗೆ ವಯಸ್ಸಾಯಿತು."

"ಹೋದ ವರ್ಷವೂ ಹೀಗಾಗುತ್ತಿತ್ತೇ?"

"ಗೊತ್ತಿಲ್ಲ. ಆಗ ಅಲ್ಲಿ ಬರೀ ಗಲಾಟೆ. ಒಬ್ಬರು 'ಉಪ್ಪು ಹಾಕಿದೆ' ಎಂದು ಕೂಗುವುದು, ಉಳಿದವರು 'ಕೇಳಿಸಿತು' ಎನ್ನುವುದು. ನಡುವೆ ನಗು, ಹರಟೆ. ಆಶ್ರಮವೋ ಸಂತೆಯೋ! ನಾನು ಮೌನ ತಂದೆ. ಹಲಗೆಯನ್ನೇ ಬರೆದು ತೂಗುಹಾಕಿದ್ದೇನೆ, ಮಾತಾಡಿದವರು ಹೊರಗೆ ನಿಲ್ಲಬೇಕು ಎಂದು."

"ಯಾರಾದರೂ ನಿಂತರೇ?"

"ಪದ್ಮಕ್ಕನೇ ನಿಂತರು. ಮೊದಲ ದಿನವೇ, ಬಿಸಿಲಲ್ಲಿ."



"ನಾಳೆ ಹುಳಿ ನೀನು ಮಾಡು. ಪದ್ಮಕ್ಕ ಜೊತೆಗಿರಲಿ. ನಿನ್ನ ನಿಯಮವೂ ಇರಲಿ. ಕಳಿಸುವ ಮಾತು ಆಮೇಲೆ."

ಮರುದಿನ ವಿದ್ಯಾಧರ ಒಲೆಯ ಮುಂದೆ ನಿಂತ. ಬೇಳೆ ಬೆಂದಿತು, ತರಕಾರಿ ಬಿದ್ದಿತು. ಸೌದೆ ತರಲು ಹೊರಗೆ ಹೋಗಿ ಬಂದ.

ಉಪ್ಪಿನ ಮರಿಗೆಯ ಮುಚ್ಚಳ ತೆರೆದಿತ್ತು. ಪದ್ಮಕ್ಕ ಹಾಕಿದರೋ, ಹಾಕಲು ತೆರೆದರೋ?

ಕೇಳುವಂತಿಲ್ಲ. ನೈವೇದ್ಯಕ್ಕೆ ಮುನ್ನ ರುಚಿ ನೋಡುವುದಂತೂ ಆ ಮನೆಯಲ್ಲಿ ಎಂದೂ ಇರಲಿಲ್ಲ.

ಅವನು ಒಂದು ಹಿಡಿ ಉಪ್ಪು ತೆಗೆದ. ಪದ್ಮಕ್ಕನ ಕೈ ಅರ್ಧ ಮೇಲೆದ್ದಿತು. ಅವರ ಕಣ್ಣು ಹಲಗೆಯ ಕಡೆ ಹೋಯಿತು. ಕೈ ಕೆಳಗಿಳಿಯಿತು.

ಅವನು ಉಪ್ಪು ಹಾಕಿದ.

ಊಟದ ಹೊತ್ತಿಗೆ ಮೊದಲ ತುತ್ತಿಗೇ ಎಲ್ಲರೂ ನೀರಿನ ಲೋಟಕ್ಕೆ ಕೈ ಹಾಕಿದರು. ವಿದ್ಯಾಧರ ಬಡಿಸುತ್ತಿದ್ದ ಸೌಟು ಬಿಟ್ಟು ಅಡುಗೆಮನೆಗೆ ಓಡಿದ. ಹುಳಿಗೆ ಒಂದು ಕೊಡ ನೀರು ಹೊಯ್ದರೂ ಉಪ್ಪು ಇಳಿಯಲಿಲ್ಲ.

"ನೀವು ನೋಡಿದಿರಿ ಪದ್ಮಕ್ಕಾ! ಒಂದು ಮಾತು ಹೇಳಬಾರದಿತ್ತೇ?"

ಪದ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ಹೇಳಬೇಕು ಅಂತ ಬಾಯಿತುದಿಗೆ ಬಂದಿತ್ತಪ್ಪಾ. ಆದರೆ ಹೊರಗೆ ನಿಲ್ಲಿಸಿದ ದಿನ ಯಾತ್ರಿಕರೆಲ್ಲ ನನ್ನನ್ನೇ ನೋಡಿಕೊಂಡು ಹೋದರು."

ಅವನು ತಲೆ ತಗ್ಗಿಸಿ ಗುರುಗಳ ಬಳಿಗೆ ಬಂದ. ಅವರ ಎಲೆ ಖಾಲಿಯಾಗಿತ್ತು.

"ಈಗ ಹೇಳು. ಯಾರನ್ನು ಊರಿಗೆ ಕಳಿಸೋಣ?"

ಆ ಸಂಜೆ ಹಲಗೆ ಒಲೆಗೆ ಸೇರಿತು. ವಿದ್ಯಾಧರ ಎಲ್ಲರ ಎದುರು ಪದ್ಮಕ್ಕನಲ್ಲಿ ಕ್ಷಮೆ ಕೇಳಿದ. ಇನ್ನು ಧಾರಾಳವಾಗಿ ಮಾತಾಡಿ ಎಂದ.

ಯಾರೂ ಮಾತಾಡಲಿಲ್ಲ. ಅವನು ಒಳಗೆ ಬಂದರೆ ಸಾಕು, ಬೆನ್ನುಗಳು ಬಿಗಿಯುತ್ತಿದ್ದವು.

"ಹಲಗೆ ಸುಟ್ಟೆ, ಗುರುಗಳೇ. ಆದರೂ ಬಾಯಿ ಬಿಡುತ್ತಿಲ್ಲ."

"ಅಂದಿನ ಹುಳಿಗೆ ನೀರು ಹೊಯ್ದು ನೋಡಿದೆಯಲ್ಲ, ಒಂದೇ ಕೊಡಕ್ಕೆ ಸರಿಹೋಯಿತೇ?"

"ಇಲ್ಲ."

"ಮತ್ತೆ?"

ವಿದ್ಯಾಧರ ಹಿಂತಿರುಗಿದ. ಅಂದಿನಿಂದ ತಾನೇ ಸೌಟು ಹಿಡಿದ. ಮರಿಗೆಗೆ ಕೈ ಹಾಕಿದಾಗಲೆಲ್ಲ, "ಉಪ್ಪು ಹಾಕಿದೆ!" ಎಂದು ಕೂಗಿದ. ಉತ್ತರವಿಲ್ಲ. ಮಾರನೆಯ ದಿನವೂ ಕೂಗಿದ. ಮುಂದಿನ ವಾರವೂ ಕೂಗಿದ. ಒಮ್ಮೆ, "ಅಯ್ಯೋ, ಅನ್ನ ಸೀದಿತು, ತಪ್ಪು ನನ್ನದೇ!" ಎಂದೂ ಕೂಗಿದ. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಒಂದು ಬೆಳಿಗ್ಗೆ ಗುರುಗಳು ಜಗುಲಿಯಲ್ಲಿ ಕುಳಿತಿದ್ದರು. ಒಳಗಿನಿಂದ ವಿದ್ಯಾಧರನ ಕೂಗು ಬಂತು.

"ಉಪ್ಪು ಹಾಕಿದೆ!"

"ಕೇಳಿಸಿತು ಮಾರಾಯಾ!" ಎಂದರು ಪದ್ಮಕ್ಕ. "ಹೊಳೆಯಾಚೆಗೂ ಕೇಳಿಸಿರಬೇಕು!"

ಅಡುಗೆಮನೆಯೆಲ್ಲ ನಕ್ಕಿತು.

ಗುರುಗಳು ಪಕ್ಕದಲ್ಲಿದ್ದ ಯಾತ್ರಿಕನ ಕಡೆ ತಿರುಗಿದರು.

"ಊಟ ಮಾಡಿಕೊಂಡೇ ಹೋಗಿ. ಇವತ್ತು ಅಡುಗೆ ಹದವಾಗಿದೆ."