ಪ್ರಾಧ್ಯಾಪಕ ಅಳಿಸಿದ ಸದ್ದು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಧ್ಯಾನಕ್ಕೆ ಕುಳಿತಾಗ ಒಳಗೆ ಏನೋ ಒಂದು ಕಾಡುತ್ತಿತ್ತು. ಈಗ ಅದು ನಿಂತಿದೆ, ಒಂದು ಸದ್ದೂ ಇಲ್ಲ. ಇನ್ನು ನಾನು ನಿಶ್ಚಿಂತನಾಗಿರಬಹುದೇ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಪ್ರಾಧ್ಯಾಪಕನಿದ್ದ. ತಂತಿಯಿಲ್ಲದೆ ಕಂಪ್ಯೂಟರುಗಳು ಒಂದರೊಡನೊಂದು ಮಾತನಾಡುವ ವಿದ್ಯೆಯನ್ನು ಕಲಿಸುತ್ತಿದ್ದ. ಗಾಳಿಯಲ್ಲಿ ಸಾವಿರ ಯಂತ್ರಗಳು ಒಟ್ಟಿಗೆ ಮಾತನಾಡುವಾಗ ಬೇಕಾದ ಮಾತನ್ನು ಉಳಿಸಿ ಬೇಡದ ಗದ್ದಲವನ್ನು ಅಳಿಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಹೊಸ ಯಂತ್ರವೊಂದು ಜಾಲಕ್ಕೆ ಸೇರುವ ನಿಯಮವನ್ನು ಬರೆದವನೂ ಅವನೇ. ಸೇರಬಯಸುವ ಯಂತ್ರ 'ಯಾರಿದ್ದೀರಿ?' ಎಂದು ಕರೆಯಬೇಕು. ಕೇಳಿಸಿಕೊಂಡ ಯಂತ್ರ ತನ್ನ ಹೆಸರನ್ನೂ ವಿಳಾಸವನ್ನೂ ಹೇಳಿ ಓಗೊಡಬೇಕು. ಓಗೊಡುವ ತನಕ ಕರೆ ನಿಲ್ಲಬಾರದು.

ಅವನು ತರುಣನಾಗಿದ್ದಾಗಲೇ ಒಂದು ಸಂಗತಿ ಕಂಡಿದ್ದ. ಗದ್ದಲವನ್ನೆಲ್ಲ ಅಳಿಸಿದ ಮೇಲೂ ತಳದಲ್ಲಿ ಸಣ್ಣದೊಂದು ಮಿಡಿತ ಉಳಿಯುತ್ತಿತ್ತು. ಯಂತ್ರದ ದೋಷವೆಂದು ತಿಳಿದು ಅದನ್ನೂ ಅಳಿಸಿದ. ಹೊಸ ಯಂತ್ರ ಬಂತು, ಅದರಲ್ಲೂ ಇತ್ತು. ಬೇರೆ ದೇಶದ ಪ್ರಯೋಗಾಲಯಕ್ಕೆ ಹೋದ, ಅಲ್ಲಿಯೂ ಇತ್ತು. ಹೋದಲ್ಲೆಲ್ಲ ಅಳಿಸಿದ. ಅವನ ಪ್ರಬಂಧಗಳಿಗೆ ಹೆಸರು ಬಂತು. ವಿಭಾಗದ ಮುಖ್ಯಸ್ಥನಾದ. ತಲೆ ನರೆಯಿತು. ಮಿಡಿತದ ಮಾತನ್ನು ಮಾತ್ರ ಯಾರ ಬಳಿಯೂ ಎತ್ತಲಿಲ್ಲ.

ನಿವೃತ್ತಿ ಹತ್ತಿರವಾದಾಗ, ಅದು ಬರೀ ದೋಷವೆಂದು ತನಗೆ ತಾನೇ ಖಾತ್ರಿ ಮಾಡಿಕೊಳ್ಳಬೇಕೆನಿಸಿತು. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು, ಮುಚ್ಚಿಹೋಗಿದ್ದ ಒಂದು ಗಣಿಯ ತಳಕ್ಕೆ ಇಳಿದ. ಹೊರಗಿನ ಯಾವ ತರಂಗವೂ ಅಲ್ಲಿಗೆ ಇಳಿಯದು. ಫೋನುಗಳನ್ನು ಇಬ್ಬರೂ ಮೇಲೆಯೇ ಬಿಟ್ಟಿದ್ದರು.

ಜೊತೆಗೆ ತಂದಿದ್ದ ಯಂತ್ರ ಹಚ್ಚಿದರು. ಮೇಲೆ ಗದ್ದಲದಡಿ ಹೂತಿದ್ದ ಮಿಡಿತ ಅಲ್ಲಿ ನಿಚ್ಚಳವಾಗಿ ಮೂಡಿತು.

ವಿದ್ಯಾರ್ಥಿನಿ ಪರದೆಯನ್ನು ಓದಿ ಹಿಂದೆ ಸರಿದಳು. "ಸರ್, ಇದು ದೋಷವಲ್ಲ. ನೀವು ಬರೆದ ನಿಯಮದಂತೆಯೇ ಯಾರೋ ಕರೆಯುತ್ತಿದ್ದಾರೆ."

"ಇಲ್ಲಿ ಯಾರಿದ್ದಾರಮ್ಮ?"

"ಅದೂ ಅದನ್ನೇ ಕೇಳುತ್ತಿದೆ, ಸರ್."

ಇಷ್ಟು ವರ್ಷ ಯಾರೋ ಕರೆದರೂ ಕೇಳಿಸದವನಂತೆ ಇದ್ದೆನಲ್ಲ ಎಂದು ಪ್ರಾಧ್ಯಾಪಕನಿಗೆ ಸಂಕಟವಾಯಿತು. ಓಗೊಡಲು ಹೊರಟಾಗ ವಿದ್ಯಾರ್ಥಿನಿ ಬೇಡವೆಂದು ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡು ಓಗೊಟ್ಟ. ತನ್ನ ಹೆಸರು ಕಳಿಸಿದ, ಮನೆಯ ವಿಳಾಸ ಕಳಿಸಿದ.

ಮಿಡಿತ ಆ ಕ್ಷಣವೇ ನಿಂತಿತು.

ಮೇಲೆ ಬಂದು ನೋಡಿದರೆ ಯಾವ ಯಂತ್ರದಲ್ಲೂ ಅದು ಇರಲಿಲ್ಲ. ಗಾಳಿ ಹಿಂದೆಂದೂ ಅಷ್ಟು ಶುಭ್ರವಾಗಿರಲಿಲ್ಲ. ವಿಷಯ ತಿಳಿದವರು ಅವನನ್ನು ಅಭಿನಂದಿಸಿದರು. ಅವನೋ ಬಾಗಿಲಿಗೆ ಬೆನ್ನು ಮಾಡಿ ಕೂರಲಾರದಾದ. ಒಂದು ಮನೆ ಬಿಟ್ಟು ಇನ್ನೊಂದು ಹಿಡಿದ, ಅದನ್ನೂ ಬಿಟ್ಟ. ಯಂತ್ರವನ್ನು ಹಚ್ಚಿಟ್ಟುಕೊಂಡು, ಆ ಕರೆ ಇನ್ನೊಮ್ಮೆ ಕೇಳಿಸಿದರೆ ಸಾಕೆಂದು ಕಾಯುತ್ತಿದ್ದ. ಕೇಳಿಸಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಕರೆ ನಿಂತಿತಲ್ಲ, ಮತ್ತೇಕೆ ಅವನಿಗೆ ಭಯ?"

ಗುರುಗಳು ಹೇಳಿದರು: "ಮನೆ ಯಾವುದೆಂದು ತಿಳಿದ ಮೇಲೆ ಯಾರೂ ಕೂಗುತ್ತ ನಿಲ್ಲುವುದಿಲ್ಲಪ್ಪ, ಹೊರಡುತ್ತಾರೆ."