ಫಕೀರವ್ವನ ಫೋನಿನಲ್ಲಿ ಜಾಗ ಇರಲಿಲ್ಲ

ಗದಗಿನ ಕಡೆ ಒಂದು ಊರು. ಆ ಊರಲ್ಲಿ ಒಂದು ಓಣಿ. ಓಣಿ ತುಂಬ ರೊಟ್ಟಿ ಬಡಿಯುವ ಹೆಂಗಸರು. ಖಾನಾವಳಿಗಳಿಗೆ ಬಿಸಿ ರೊಟ್ಟಿ, ದೂರದ ಊರುಗಳಿಗೆ ಕಡಕ್ ರೊಟ್ಟಿ. ಇವರಿಗೆಲ್ಲ ಹಿರಿಯಳು ಫಕೀರವ್ವ, ಓಣಿಯ ಮಕ್ಕಳಿಗೆ 'ಆಯಿ', ಅಂದರೆ ಅಜ್ಜಿ. ಬಾಯಿ ಜೋರು, ಮನಸ್ಸು ಬೆಣ್ಣೆ.

ಓಣಿಗೆ ಮೊದಲು ಮೊಬೈಲ್ ತಂದವಳೂ ಅವಳೇ. ಗುಂಡಿ ಒತ್ತುವ ಸಣ್ಣ ಫೋನು, ರೊಟ್ಟಿ ಆರ್ಡರಿಗೆ ಅಂತ ತಗೊಂಡದ್ದು. ಆ ಕಾಲಕ್ಕೆ ಯಾವ ಅರ್ಜಿ ತುಂಬಲು ಹೋದರೂ "ಮೊಬೈಲ್ ನಂಬರ್ ಹೇಳ್ರಿ" ಅನ್ನುತ್ತಿದ್ದರು. ಉಳಿದವರ ಹತ್ತಿರ ಫೋನೆಲ್ಲಿತ್ತು? "ನಂದ ಬರಸ್ರಿ, ಅದೇನು ಸವೀತೈತೇನು?" ಅಂದಳು ಫಕೀರವ್ವ. ರೇಷನ್ ಕಾರ್ಡಿಗೆ ಅವಳ ನಂಬರು, ಗ್ಯಾಸಿಗೆ ಅವಳ ನಂಬರು, ಮಕ್ಕಳ ಶಾಲೆಗೂ ಅವಳದೇ. ಹೀಗೆ ಹದಿನೆಂಟು ಮನೆಗಳ ಕೋಡು ಒಂದೇ ಫೋನಿಗೆ ಬರತೊಡಗಿತು.

ಕೋಡು ಅಂದರೆ ಗೊತ್ತಲ್ಲ? ಆನ್‌ಲೈನಿನಲ್ಲಿ ಏನೇ ಕೆಲಸಕ್ಕೆ ಹೋದರೂ "ನೀವು ನೀವೇ ಹೌದೋ ಅಲ್ಲೋ" ಅಂತ ಪರೀಕ್ಷೆ ಮಾಡಲು ಮೆಸೇಜಿನಲ್ಲಿ ಆರು ಅಂಕಿ ಕಳಿಸುತ್ತಾರಲ್ಲ, ಅದೇ ಓಟಿಪಿ.

ಫಕೀರವ್ವನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಪಕ್ಕಾ. ಯಾರ ಕೋಡು ಬಂದರೂ ಅವರನ್ನು ಹತ್ತಿರ ಕರೆದು, ಕಿವಿಯಲ್ಲಿ ಹೇಳುತ್ತಿದ್ದಳು. ಇನ್ನೊಬ್ಬರ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಯಾವನೋ ಫೋನ್ ಮಾಡಿ, "ಮೇಡಂ, ಈಗ ಬಂದಿರೋ ಕೋಡ್ ಸ್ವಲ್ಪ ಹೇಳಿ" ಅಂದ. "ನಿಮ್ಮವ್ವನ್ನ ಕರಕೊಂಡು ಬಾರಪಾ, ಅಕಿ ಕಿವ್ಯಾಗ ಹೇಳ್ತೀನಿ" ಅಂದಳು. ಫೋನು ಆ ಕಡೆಯಿಂದಲೇ ಕಟ್ಟಾಯಿತು.

ಅಂಥ ಫಕೀರವ್ವನ ಮನೆಗೆ ಒಂದು ಮಧ್ಯಾಹ್ನ ಎದುರುಮನೆ ದ್ಯಾಮವ್ವನ ಮಗಳು ಶಶಿಕಲಾ ಓಡಿ ಬಂದಳು. ಅವಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. "ಬರುತ್ತೇನೆ" ಅಂತ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಬೇಕು. ಕಡೆಯ ದಿನ ಅವತ್ತೇ, ಸಂಜೆ ಐದರೊಳಗೆ. ಒಪ್ಪಿಗೆಗೆ ಕೋಡು ಬೇಕು. ಕೋಡು ಬರುವುದು ಫಕೀರವ್ವನ ಫೋನಿಗೆ. ಹಿಂದಿನ ದಿನದವರೆಗೂ ಹುಡುಗಿ ಕಾಲೇಜಿನ ಕಾಗದಪತ್ರಕ್ಕಾಗಿ ಊರೂರು ಅಲೆದಿದ್ದಳು, ಪಾಪ.

"ಆಯಿ, ಕೋಡ್ ಬಂತೇನು?"

"ಇಲ್ಲವಾ."

ಶಶಿಕಲಾ ತನ್ನ ಅವ್ವ ಈಚೆಗೆ ಕೊಂಡ ಫೋನಿನಲ್ಲಿ 'ಮತ್ತೆ ಕಳಿಸಿ' ಅಂತ ಒತ್ತಿದಳು. "ಈಗ?"

"ಈಗೂ ಇಲ್ಲ ನಮ್ಮವ್ವ."

ಮತ್ತೆ ಮತ್ತೆ ಒತ್ತಿದಳು. ಮತ್ತೆ ಇಲ್ಲ. ಫಕೀರವ್ವ ಫೋನು ಆರಿಸಿ ಹಚ್ಚಿದಳು. ಸಿಮ್ ತೆಗೆದು ಸೆರಗಿನಿಂದ ಒರೆಸಿ ಹಾಕಿದಳು. ಮಂಡಿ ನೋವು ಮರೆತು ಮಾಳಿಗೆ ಹತ್ತಿ ಟವರಿನ ಕಡೆ ಫೋನು ಹಿಡಿದು ನಿಂತಳು. ಅಷ್ಟರಲ್ಲಿ ದ್ಯಾಮವ್ವನೂ ಬಂದಳು. ಬಂದವಳು ಸುಮ್ಮನೆ ಕೂರಲಾರದೆ ಫಕೀರವ್ವನ ಹಿಟ್ಟು ತಗೊಂಡು ರೊಟ್ಟಿ ಬಡಿಯತೊಡಗಿದಳು. ಮನಸ್ಸೆಲ್ಲ ಫೋನಿನ ಮೇಲೆ, ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು.

"ಬ್ಯಾರೆ ನಂಬರ್ ಕೊಡಾಕ ಬರಂಗಿಲ್ಲೇನ?" ಅಂದಳು ದ್ಯಾಮವ್ವ.

"ನಂಬರ್ ಬದಲಿ ಮಾಡಾಕೂ ಆಯಿ ಫೋನಿಗೇ ಕೋಡ್ ಬರಬೇಕವ್ವ" ಅಂದಳು ಮಗಳು, ಮಾಳಿಗೆಗೂ ಕೇಳುವಂಥ ಅಳುವ ದನಿಯಲ್ಲಿ.

ನಾಲ್ಕೂಕಾಲು. ಫಕೀರವ್ವ ಮಾಳಿಗೆಯಿಂದ ಇಳಿದಳು. ಈ ಹುಡುಗಿಯನ್ನು ಅವಳು ತೊಡೆಯ ಮೇಲೆ ಎರೆದು ಬೆಳೆಸಿದ್ದಳು. "ನನ್ನ ನಂಬರ್ ಬರಸಿದ್ದಕ್ಕ ಕೂಸಿನ ಸೀಟ್ ಹೋಗ್ತೈತಲ್ಲೋ ಶಿವನೇ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು.

ಶಶಿಕಲಾ ಆಗ ಆ ಫೋನನ್ನು ತಾನೇ ಕೈಗೆ ತಗೊಂಡಳು. ಮೂಲೆಯಲ್ಲಿ ಒಂದು ಸಣ್ಣ ಲಕೋಟೆಯ ಚಿತ್ರ ಹತ್ತಿ ಆರುತ್ತಿತ್ತು.

"ಆಯಿ, ಇದು ಯಾವಾಗಿಂದ ಹಿಂಗ ಮಿಣಿಮಿಣಿ ಅನ್ನಾಕತ್ತೈತಿ?"

"ಮೂರು ದಿನ ಆತು. ಚಂದ ಕಾಣ್ತೈತಿ, ಇರ್ಲಿ ಅಂತ ಬಿಟ್ಟೆ."

"ಅಯ್ಯ ಆಯಿ! ಮೆಸೇಜ್ ಇಡೋ ಜಾಗ ತುಂಬೇತಿ ಅಂತ ಅದು ಹೇಳಾಕತ್ತೈತಿ!"

ಒಳಗೆ ನೋಡಿದರೆ ಇನ್ನೂರು ಮೆಸೇಜು. ಎಲ್ಲ ಕೋಡುಗಳೇ. ವರ್ಷಗಟ್ಟಲೆ ಹಿಂದಿನವು. ಒಂದನ್ನೂ ಫಕೀರವ್ವ ಅಳಿಸಿರಲಿಲ್ಲ.

"ಇವನ್ನೆಲ್ಲಾ ಯಾಕ ಇಟ್ಟೀ ಆಯಿ? ತಗದು ಹಾಕೂಣು."

ಫಕೀರವ್ವ ಫೋನನ್ನು ಕಸಿದು ಎದೆಗೆ ಅವುಚಿಕೊಂಡಳು. "ಏ, ಬ್ಯಾಡ! ಅವು ನನ್ನವೇನು? ಮಂದಿ ನಂಬಿ ಇಟ್ಟದ್ದು. ಇದು ಮಾಬುಬಿ ರೇಷನ್ನಿಂದು, ಇದು ಗೌರವ್ವನ ಗ್ಯಾಸಿಂದು. ನಾಳೆ ಬಂದು 'ಎಲ್ಲೈತಿ ನನ್ನ ಕೋಡು' ಅಂದ್ರ ಯಾವ ಮುಖ ತೋರಿಸ್ಲಿ? ತಡಿ, ಮನಿ ಮನಿಗೆ ಹೋಗಿ ಒಂದು ಮಾತು ಕೇಳಿ ಬರ್ತೀನಿ."

ಚಪ್ಪಲಿ ಮೆಟ್ಟಿಯೇ ಬಿಟ್ಟಳು ಪುಣ್ಯಾತ್ಗಿತ್ತಿ! ಹದಿನೆಂಟು ಮನೆ. ಗಂಟೆ ನಾಲ್ಕೂವರೆ. ದ್ಯಾಮವ್ವನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಶಶಿಕಲಾ ಸಿಟ್ಟು ಮಾಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಮುದುಕಿಯ ಕೈ ಹಿಡಿದುಕೊಂಡಳು.

"ಆಯಿ, ಕೋಡು ಕಡಕ್ ರೊಟ್ಟಿ ಅಲ್ಲ, ತಿಂಗಳಾನುಗಟ್ಟಲೆ ಇಡಾಕ. ಬಿಸಿ ರೊಟ್ಟಿ ಅದು. ಹತ್ತು ನಿಮಿಷ ಅಷ್ಟ. ಆಮ್ಯಾಲೆ ಯಾರ ಉಪಯೋಗಕ್ಕೂ ಬರಂಗಿಲ್ಲ."

ಫಕೀರವ್ವ ನಿಂತಲ್ಲೇ ನಿಂತಳು. "ಹಂಗಾರ ಇಷ್ಟು ವರ್ಷ ನಾ ಕಾದದ್ದು?"

"ಅವರಿಗೆ ಆವತ್ತೇ ಮುಟ್ಟೇತಿ ಆಯಿ. ಕಿವ್ಯಾಗ ಹೇಳಿದ್ದಿಲ್ಲೇನು ನೀನು? ಅಲ್ಲಿಗೆ ನಿನ್ನ ಕೆಲಸ ಮುಗೀತು."

ಇಷ್ಟು ಜತನ ಮಾಡಿದ್ದಕ್ಕೆ ಬೆಲೆಯೇ ಇಲ್ಲವಲ್ಲ ಅಂತ ಮುದುಕಿಗೆ ಸಂಕಟವಾಯಿತು. ಆಮೇಲೆ ಚಪ್ಪಲಿ ಬಿಟ್ಟು ಕೂತಳು. "ನಾನ ತಗೀತೀನಿ, ನೀ ತೋರ್ಸು" ಅಂದಳು. "ಮಾಬುಬಿ, ತಪ್ಪು ತಿಳೀಬ್ಯಾಡವಾ" ಅಂತ ಒಂದನ್ನು ಅಳಿಸಿದಳು. "ಗೌರವ್ವ, ನಿಂದೂ ಹೊಂಟಿತು" ಅಂತ ಇನ್ನೊಂದು. ಮೂರನೆಯದಕ್ಕೆ ಕೈ ಹಾಕುವಾಗ ಶಶಿಕಲಾ, "ಆಯಿ, ಎಲ್ಲಾ ಒಮ್ಮೆಲೆ ತಗಿಯೋ ಗುಂಡಿ ಐತಿ" ಅಂದಳು. ಫಕೀರವ್ವ ಕಣ್ಣು ಮುಚ್ಚಿ ಒತ್ತಿದಳು.

ಎರಡು ನಿಮಿಷ ಆಗಿರಲಿಲ್ಲ, ಫೋನು ಕುಂಯ್ ಅಂತು. ಮತ್ತೆ ಕುಂಯ್. ಒಂದರ ಹಿಂದೆ ಒಂದು ಐದು ಕೋಡು! ಮಧ್ಯಾಹ್ನದಿಂದ ಹುಡುಗಿ 'ಮತ್ತೆ ಕಳಿಸಿ' ಅಂತ ಒತ್ತಿದ್ದೆಲ್ಲ ಹೊರಗೆ ಕಾದು ನಿಂತಿದ್ದವು, ಜಾಗ ಸಿಕ್ಕ ಕೂಡಲೇ ಒಳಗೆ ನುಗ್ಗಿದವು. ಶಶಿಕಲಾ ಗಡಿಬಿಡಿಯಲ್ಲಿ ಮೊದಲನೆಯದನ್ನು ಹಾಕಿದಳು. 'ತಪ್ಪು' ಅಂತು. ಎರಡನೆಯದನ್ನು ಹಾಕಿದಳು. ಅದೂ ತಪ್ಪು. ಇನ್ನೊಂದೇ ಒಂದು ಅವಕಾಶ ಉಳಿದಿದೆ ಅಂತ ಬರೆದು ಬಂತು. ಗಂಟೆ ಐದಕ್ಕೆ ಹದಿಮೂರು ನಿಮಿಷ ಕಡಿಮೆ. ಆದರೂ ಹುಡುಗಿಯ ಬೆರಳು ಮೂರನೆಯ ಕೋಡಿಗೆ ಹೋಗಿತ್ತು.

ಫಕೀರವ್ವ ಆ ಕೈ ಮೇಲೆ ತನ್ನ ಕೈ ಇಟ್ಟಳು.

"ಬ್ಯಾಡ. ನೀನ ಹೇಳಿದೆಲ್ಲ, ಬಿಸಿ ರೊಟ್ಟಿ ಅಂತ? ಇವೆಲ್ಲಾ ಆರಿ ಹೋದವು. ಇವನ್ನೂ ತಗಿ. ಒಂದ ಸಲ ಕೇಳು. ಕೇಳಿ ಸುಮ್ಮನ ಕುಂಡ್ರು."

"ಹೊತ್ತಿಲ್ಲ ಆಯಿ!"

"ಹೊತ್ತಿಲ್ಲ ಅಂತನ ಹೇಳಾಕತ್ತೀನಿ."

ಐದನ್ನೂ ಫಕೀರವ್ವ ತಾನೇ ಅಳಿಸಿದಳು. ಈ ಸಲ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಶಶಿಕಲಾ ಒಂದು ಸಲ, ಒಂದೇ ಸಲ ಒತ್ತಿದಳು. ಮತ್ತೆ ಒತ್ತಿದರೆ ಬರುತ್ತಿರುವ ಕೋಡೂ ಕೆಡುತ್ತದೆ; ಒತ್ತದ ಹಾಗೆ ಮುದುಕಿ ಅವಳ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದು ಕೂತಳು. ದ್ಯಾಮವ್ವ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಒಂದು ನಿಮಿಷ. ಎರಡು ನಿಮಿಷ. ಮೂರು.

ಕುಂಯ್.

ಮನೆಯಲ್ಲಿ ಇದ್ದವರು ಮೂರೇ ಜನ. ಆದರೂ ಫಕೀರವ್ವ ಹುಡುಗಿಯ ಕಿವಿಗೆ ಬಾಗಿ, ಒಂದೊಂದೇ ಅಂಕಿ ಹೇಳಿದಳು. ಶಶಿಕಲಾ ಹಾಕಿದಳು. 'ನಿಮ್ಮ ಸೀಟು ಖಚಿತವಾಗಿದೆ' ಅಂತ ಬಂತು. ದ್ಯಾಮವ್ವ ಹೋ ಅಂತ ಅತ್ತಳು. ಫಕೀರವ್ವ, "ಈಗ್ಯಾಕ ಅಳ್ತೀ ಹುಚ್ಚವ್ವ?" ಅಂತ ಬೈದು, ತಾನೂ ಅತ್ತಳು.

ಅಳು ಮುಗಿದ ಮೇಲೆ ಮುದುಕಿ ಕೇಳಿದಳು. "ನಂಬರ್ ಬದಲಿ ಮಾಡಾಕೂ ಬರ್ತೈತಿ ಅಂದೆಲ್ಲ? ಮಾಡು. ನಿಮ್ಮವ್ವನ ನಂಬರ್ ಹಾಕು."

"ಇರ್ಲಿ ಬಿಡು ಆಯಿ, ನಿಂದ ಇರ್ಲಿ" ಅಂದಳು ಶಶಿಕಲಾ. ಮುದುಕಿಗೆ ಬೇಜಾರಾದೀತು ಅಂತ ಅವಳ ಹೆದರಿಕೆ.

"ಪ್ರೀತಿ ಇರ್ಲಿ, ನಂಬರ್ ತಗಿ. ನಾಳೆ ನಾ ಊರಿಗೆ ಹೋದಾಗ ನಿಂಗ ಕೋಡು ಬೇಕಾದ್ರ ಏನ್ ಮಾಡ್ತೀ? ನಾಳಿಂದ ಉಳಿದವ್ರದ್ದೂ ಒಂದೊಂದ ಬದಲಿ ಮಾಡಿಕೊಡು, ನಾ ಫೋನ್ ಹಿಡಕೊಂಡು ನಿನ್ನ ಬಾಜೂಕ ಕುಂತಿರ್ತೀನಿ."

ಬದಲಾಯಿಸಲು ಕೋಡು ಬಂತು. ಫಕೀರವ್ವ ಅದನ್ನೂ ಕಿವಿಯಲ್ಲೇ ಹೇಳಿದಳು. ಕೆಲಸ ಆಯಿತು ಅಂತ ಶಶಿಕಲಾ ತಲೆಯಾಡಿಸಿದಳು. ಆಮೇಲೆ ಮುದುಕಿ, ಯಾರೂ ಹೇಳದೆ, ಆ ಮೆಸೇಜನ್ನು ಅಳಿಸಿ ಫೋನು ಕೆಳಗಿಟ್ಟಳು.

ನೀತಿ: ಇನ್ನೊಬ್ಬರು ನಂಬಿ ಕೊಟ್ಟದ್ದನ್ನು ಕಾಯುವುದೆಂದರೆ ಕೂಡಿಡುವುದಲ್ಲ, ಬೇಕಾದವರಿಗೆ ಬೇಕಾದ ಹೊತ್ತಿಗೆ ಮುಟ್ಟಿಸಿ ಕೈ ಖಾಲಿ ಮಾಡಿಕೊಳ್ಳುವುದು. ಮುಗಿದದ್ದನ್ನು ಬಿಟ್ಟವರಿಗೆ ಮಾತ್ರ ಬರಬೇಕಾದದ್ದು ಬರುತ್ತದೆ. ಕೇಳುವುದಿದ್ದರೆ ಒಂದೇ ಸಲ ಕೇಳಿ, ಆಮೇಲೆ ತಾಳ್ಮೆಯಿಂದ ಕಾಯಿರಿ.